ದೂರು ಹೇಳಲು ಬಂದ ತಂದೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಕರೆ ಮಾಡಿದ್ದ. ಈಗ ಅವನೇ ನ್ಯಾಮತಿಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕ. ಧ್ವನಿಯಲ್ಲಿ ಬೇಸರವಿತ್ತು. "ಸರ್, ಹುಡುಗ ತರಗತಿಯಲ್ಲಿ ಪಾಠವನ್ನೇ ಕೇಳುವುದಿಲ್ಲ. ಗದರಿದೆ. ಮರುದಿನ ಅವರಪ್ಪ ಮುಖ್ಯೋಪಾಧ್ಯಾಯರ ಕೊಠಡಿಗೆ ಬಂದು ನನ್ನ ಮೇಲೆಯೇ ದೂರು ಹೇಳಿದರು. ನಿಮ್ಮ ಕಾಲದಲ್ಲಿ ಹೀಗಿರಲಿಲ್ಲ, ಅಲ್ಲವೇ?" ಎಂದ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂಬುದು ನಿಜ. ಆದರೆ ಅದು ಹೆಮ್ಮೆಪಡುವಂಥ ವಿಷಯವಲ್ಲ. ಫೋನಿನಲ್ಲಿ ಅದನ್ನು ವಿವರಿಸಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪಾಠ ಕೇಳದ ಮಕ್ಕಳ ಸಮಸ್ಯೆ ಇಂದಿನದಲ್ಲ. ನಮ್ಮ ಸೀಮೆಯ ಹಳೆಯ ಶಾಲೆಗಳ ಬಗೆಗೆ ದೊರೆಯುವ ಉತ್ತಮ ದಾಖಲೆಗಳಲ್ಲಿ ಒಂದು, ಬಳ್ಳಾರಿ ಜಿಲ್ಲೆಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿ. ಜಗಳೂರಿಗೆ ತಾಗಿಕೊಂಡಿರುವ ಹರಪನಹಳ್ಳಿ ಸೀಮೆಯೂ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಇದ್ದರೆಂದು ಆತ ಲೆಕ್ಕ ಕೊಡುತ್ತಾನೆ. ಅವುಗಳಲ್ಲಿ 235 ಕನ್ನಡ ಶಾಲೆಗಳು. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳಷ್ಟೆ. ನಮ್ಮ ಹಿರಿಯರು ಕೂಲಿಮಠವೆಂದು ಕರೆಯುತ್ತಿದ್ದ ಬಗೆಯ ಶಾಲೆಗಳು ಇವು.

ಅಲ್ಲಿನ ಶಿಸ್ತಿನ ಕ್ರಮವನ್ನೂ ಕ್ಯಾಂಪ್‌ಬೆಲ್ ವಿವರಿಸಿದ್ದಾನೆ. ಬೆಳಿಗ್ಗೆ ಮೊದಲು ಬಂದ ಬಾಲಕನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಬೆತ್ತದ ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚು. ಸೋಮಾರಿಗಳಿಗೆ ಬೆತ್ತ, ಇಲ್ಲವೇ ಎರಡು ಕೈಗಳನ್ನೂ ಕಟ್ಟಿ ಸೂರಿಗೆ ತೂಗುಹಾಕುವುದು, ಇಲ್ಲವೇ ಎಡೆಬಿಡದೆ ಬಸ್ಕಿ ಹೊಡೆಸುವುದು. ಹಾಗೆ ತೂಗುಹಾಕುವುದನ್ನು ನಮ್ಮ ಅಜ್ಜಂದಿರು 'ಕೋದಂಡ' ಎನ್ನುತ್ತಿದ್ದರು. ಏಕೆ ಈ ಹುಡುಗ ಕಲಿಯುತ್ತಿಲ್ಲ ಎಂಬ ಪ್ರಶ್ನೆಗೆ ಆ ವ್ಯವಸ್ಥೆಯಲ್ಲಿ ಒಂದೇ ಉತ್ತರವಿತ್ತು: ಅವನು ಸೋಮಾರಿ.

ಆದರೆ ಆ ಐಗಳ ಕಾಲದಲ್ಲಿ ತಂದೆತಾಯಿಯ ಕೈಯಲ್ಲಿ ಒಂದು ಹಗ್ಗವಿತ್ತು. ಐಗಳ ಜೀವನ ನಡೆಯುತ್ತಿದ್ದುದು ಪೋಷಕರು ಕೊಡುವ ಹಣದಿಂದ, ಕಾಳುಕಡಿಯಿಂದ. ಕೊಡುವುದನ್ನು ನಿಲ್ಲಿಸಿದರೆ ಅದೇ ದೂರು. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಬಂದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ಬಂತು. ಇವೆರಡೂ ನಾಡಿಗೆ ಮಹೋಪಕಾರ ಮಾಡಿದವು. ಬಡವರ ಮಕ್ಕಳಿಗೂ ಶಾಲೆಯ ಬಾಗಿಲು ತೆರೆಯಿತು. ಆದರೆ ಮೇಷ್ಟ್ರು ಸರ್ಕಾರದ ಮನುಷ್ಯರಾದರು. ಸಂಬಳ ಖಜಾನೆಯಿಂದ ಬಂತು. ರೈತನ ಕೈಯಲ್ಲಿದ್ದ ಹಗ್ಗ ಜಾರಿತು. ಅದರ ಬದಲಿಗೆ ಮತ್ತೊಂದನ್ನು ಅವನಿಗೆ ಯಾರೂ ಕೊಡಲಿಲ್ಲ. "ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಮೇಷ್ಟ್ರೆ" ಎಂದು ಮಗನನ್ನು ಒಪ್ಪಿಸಿ ಹೋಗುತ್ತಿದ್ದ ತಂದೆಯರನ್ನು ನಾನೂ ನೋಡಿದ್ದೇನೆ. ಅದನ್ನು ಗುರುಭಕ್ತಿ ಎಂದುಕೊಂಡಿದ್ದೆ. ಅದರಲ್ಲಿ ಭಕ್ತಿಯೂ ಇತ್ತು. ಬೇರೆ ದಾರಿ ಇಲ್ಲವೆಂಬ ಅಸಹಾಯಕತೆಯೂ ಇತ್ತು.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಜಗಳೂರು ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. 1987ರ ಬರಗಾಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪ್ರತಿದಿನ ನನ್ನ ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುತ್ತಿದ್ದ. ಎರಡು ದಿನ ಗದರಿದೆ. ಮೂರನೆಯ ದಿನ ಬೆತ್ತ ತೆಗೆದುಕೊಂಡೆ. ಅಂಗೈ ಊದಿಕೊಳ್ಳುವಷ್ಟು ಹೊಡೆದೆನೆಂದು ಇಂದು ಒಪ್ಪಿಕೊಳ್ಳಬೇಕು.

ಮರುದಿನ ಅವನ ತಂದೆ ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು, ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತರು. "ಹೊಡೆದಿದ್ದಕ್ಕೆ ನಾನೇನೂ ಅನ್ನಲ್ಲ ಸ್ವಾಮಿ..." ಎಂದು ಆರಂಭಿಸಿದರು. ಮುಂದಿನ ಮಾತು ಮುಗಿಯುವ ಮೊದಲೇ ನಮ್ಮಲ್ಲೊಬ್ಬರು "ಹಾಗಾದ್ರೆ ಬಂದಿದ್ಯಾಕೆ?" ಎಂದರು. ಕೆಲವರು ನಕ್ಕರು. ನಾನೂ ನಕ್ಕೆ. ಆ ಮನುಷ್ಯ ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ಹುಡುಗ ಆ ವಾರದ ನಂತರ ಬರಲಿಲ್ಲ. ಅವರು ಹೇಳಬೇಕೆಂದಿದ್ದುದು ನನಗೆ ತಿಳಿದದ್ದು ತಿಂಗಳ ಮೇಲೆ, ಅದೇ ಊರಿನ ಇನ್ನೊಬ್ಬ ಹುಡುಗನ ಬಾಯಿಂದ. ಊರಿಗೆಲ್ಲ ನೀರು ಬರುತ್ತಿದ್ದುದು ಒಂದೇ ಬೋರಿನಲ್ಲಿ. ತಾಯಿಗೆ ಕಾಯಿಲೆ. ರಾತ್ರಿ ಕೊಡಗಳ ಸಾಲಿನಲ್ಲಿ ನಿಲ್ಲುತ್ತಿದ್ದವನು ಈ ಹುಡುಗ. ಬಹುಕಾಲ ಗೈರುಹಾಜರಿ ಎಂದು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವನು ನಾನೇ. ಆ ಗೆರೆ ಇಂದಿಗೂ ನನ್ನ ಕಣ್ಣಮುಂದಿದೆ. ಅವನ ತಂದೆಯ ಮಾತನ್ನು ಎರಡು ನಿಮಿಷ ಕೇಳಿದ್ದರೆ ಅದನ್ನು ಎಳೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಎರಡನೆಯ ಪಾಠವನ್ನು ಕಲಿಸಿದ್ದು ಹೊನ್ನಾಳಿ. ಇಂದಿನ ನ್ಯಾಮತಿಯೂ ಆಗ ಅದೇ ತಾಲ್ಲೂಕಿನ ಭಾಗ. ನಾನು ಇತಿಹಾಸದ ಪಾಠವನ್ನು ನೋಟ್ಸ್ ಬರೆಸುವುದರಲ್ಲಿಯೇ ಮುಗಿಸುತ್ತಿದ್ದ ಕಾಲ. ಹಿಂದಿನ ಬೆಂಚುಗಳಲ್ಲಿ ಸದಾ ಗುಜುಗುಜು. ಒಬ್ಬ ಹುಡುಗನ ತಂದೆಯನ್ನು ನಾನೇ ಕರೆಸಿ, "ನಿಮ್ಮ ಮಗ ಪಾಠ ಕೇಳುವುದಿಲ್ಲ" ಎಂದೆ. ಭತ್ತದ ವ್ಯಾಪಾರ ಮಾಡುತ್ತಿದ್ದ ಅವರು ಸಮಾಧಾನವಾಗಿಯೇ ಉತ್ತರಿಸಿದರು: "ಪುಸ್ತಕದಾಗೆ ಇರೋದನ್ನೇ ಬರೆಸಿದ್ರೆ ಅವನು ಏನ್ ಕೇಳ್ಬೇಕು ಮೇಷ್ಟ್ರೆ? ಪುಸ್ತಕ ನಮ್ಮ ಮನೇಲೂ ಐತೆ."

ಅಂದು ಬಹಳ ಸಿಟ್ಟು ಬಂತು. ರಾತ್ರಿ ನಿದ್ರೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಅವರ ಮಾತು ಸರಿ ಎನಿಸಿತು. ಹೋಬಳಿ ಶಾಲೆಗಳನ್ನು ತಂದ ಆ ರೈಸ್ ಅವರೇ ಮುಂದೆ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನು ಹೊರತಂದವರು. 1902ರ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ನಾನು ಅದನ್ನು ಹುಡುಕಿ ಓದಿದೆ. ಪಕ್ಕದ ಬೆಳಗುತ್ತಿಯಿಂದ ಆಳಿದ ಸಿಂದರ ಕಥೆಯಿಂದ ಪಾಠ ಆರಂಭಿಸಿದೆ. ತಮ್ಮ ಊರಿನ ಗುಡಿಯ ಮುಂದೆ ನಿಂತಿರುವ ಕಲ್ಲಿಗೂ ಪಠ್ಯಪುಸ್ತಕದ ಚಾಲುಕ್ಯರಿಗೂ ನಂಟಿದೆ ಎಂದು ತಿಳಿದಾಗ ಹಿಂದಿನ ಬೆಂಚಿನ ಗುಜುಗುಜು ಪ್ರಶ್ನೆಗಳಾಗಿ ಬದಲಾಯಿತು. ದೂರು ಹೇಳಲು ಹೋದವನು ನಾನು. ತಿದ್ದಿಕೊಳ್ಳಬೇಕಾದವನೂ ನಾನೇ ಆಗಿದ್ದೆ.

1997ರ ಆಗಸ್ಟ್ 15ರಂದು ಈ ಊರುಗಳೆಲ್ಲ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಅದರ ಹಿಂದೆಯೇ ಪೋಷಕರ ಕೈಗೆ ಹಗ್ಗ ಮರಳಿ ಬರತೊಡಗಿತು. 2000ದ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಶಾಲೆಗಳಲ್ಲಿ ದೈಹಿಕ ದಂಡನೆಗೆ ಅವಕಾಶ ನೀಡಿದ್ದ ಅಲ್ಲಿನ ನಿಯಮವನ್ನು ರದ್ದುಪಡಿಸಿತು. 2001ರಲ್ಲಿ ನಮ್ಮ ಸರ್ಕಾರಿ ಶಾಲೆಗಳಿಗೆ ಪೋಷಕರೇ ಪ್ರಧಾನವಾಗಿರುವ ಎಸ್.ಡಿ.ಎಂ.ಸಿ.ಗಳು ಬಂದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 24ನೆಯ ಕಲಮು ಪೋಷಕರನ್ನು ನಿಯಮಿತವಾಗಿ ಭೇಟಿಮಾಡಿ ಮಗುವಿನ ಹಾಜರಿ, ಕಲಿಕೆಗಳನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದಿತು. 32ನೆಯ ಕಲಮಿನಂತೆ ಲಿಖಿತ ದೂರು ಬಂದರೆ ಸ್ಥಳೀಯ ಪ್ರಾಧಿಕಾರವು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಕಾಯಿದೆಯ ವ್ಯಾಪ್ತಿ ಎಂಟನೆಯ ತರಗತಿಯವರೆಗೆ, ನಿಜ. ಆದರೆ ಎಂಟರ ಮಗುವಿಗೆ ಒಂದು ನ್ಯಾಯ, ಒಂಬತ್ತರ ಮಗುವಿಗೆ ಮತ್ತೊಂದು ಎನ್ನಲು ಯಾವ ಮೇಷ್ಟ್ರಿಗೂ ಮನಸ್ಸು ಬರಬಾರದು.

ನನ್ನ ಸೇವೆಯ ಕೊನೆಯ ವರ್ಷಗಳು ಕಳೆದದ್ದು ಚನ್ನಗಿರಿ ತಾಲ್ಲೂಕಿನಲ್ಲಿ. ಅಲ್ಲಿ ಒಬ್ಬ ತಾಯಿ ಜೋರಾಗಿಯೇ ಬಂದರು: "ನನ್ ಮಗಳು ಫೇಲಾಗಿದ್ದಾಳೆ. ನೀವು ಏನ್ ಪಾಠ ಮಾಡ್ತೀರಿ ಸಾ?" ನಾನು ಕುರ್ಚಿ ಎಳೆದು ಕೂರಿಸಿ, "ಹೇಳಿ ತಾಯಿ, ಪೂರ್ತಿ ಹೇಳಿ" ಎಂದೆ. ಅವರು ಮುಗಿಸುವವರೆಗೂ ಅಂಕಪಟ್ಟಿ ತೆಗೆಯಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: "ಹುಡುಗಿ ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾಳೆ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದು ಅಡಿಕೆ ಕೊಯ್ಲಿನ ಕಾಲ. ಕೊಯ್ದ ಹಸಿ ಅಡಿಕೆ ಬೇಗ ಸುಲಿಯಬೇಕು, ಬೇಯಿಸಬೇಕು. ಸುಲಿದಷ್ಟಕ್ಕೆ ಕೂಲಿ. ತಾಯಿಯ ಜೊತೆ ಮಗಳೂ ನಡುರಾತ್ರಿಯವರೆಗೆ ಕೂರುತ್ತಿದ್ದಳು.

ನಾನು ಅವರನ್ನು ದೂಷಿಸಲಿಲ್ಲ. ಆ ಕೂಲಿಯಿಂದ ಅವರ ಮನೆ ನಡೆಯುತ್ತಿತ್ತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ರಾತ್ರಿ ಮಗಳನ್ನು ಅಡಿಕೆಗೆ ಕೂರಿಸುವುದಿಲ್ಲ, ನಾವು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಗಣಿತ ಹೇಳಿಕೊಡುತ್ತೇವೆ, ಹದಿನೈದು ದಿನಕ್ಕೆ ಮತ್ತೆ ಸೇರುತ್ತೇವೆ. ಹುಡುಗಿಯನ್ನೂ ಒಳಗೆ ಕರೆದು, ಅವಳ ಎದುರಿಗೇ ಇದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಅವಳು ಎಸ್.ಎಸ್.ಎಲ್.ಸಿ. ಪಾಸಾದಳು, ದೊಡ್ಡ ಅಂಕಗಳೇನೂ ಬರಲಿಲ್ಲ. ಆದರೆ ಅವಳ ಹೆಸರಿನ ಮೇಲೆ ಕೆಂಪು ಗೆರೆ ಬೀಳಲಿಲ್ಲ.

ಎಲ್ಲ ದೂರುಗಳೂ ನ್ಯಾಯವಾದವೆಂದು ನಾನು ಹೇಳುವುದಿಲ್ಲ. ಮಗ ಹೇಳಿದ್ದನ್ನಷ್ಟೇ ನಂಬಿ ಹತ್ತು ಜನರೆದುರು ಕೂಗಾಡುವ ತಂದೆಯರಿದ್ದಾರೆ. ತಪ್ಪಿಲ್ಲದ ಶಿಕ್ಷಕರು ಅವಮಾನಪಟ್ಟದ್ದನ್ನು ಕಂಡಿದ್ದೇನೆ. ಅಂಥ ವೇಳೆ ಮುಖ್ಯೋಪಾಧ್ಯಾಯರು ಶಿಕ್ಷಕರ ಪಕ್ಕದಲ್ಲಿ ನಿಲ್ಲಬೇಕು. ಆದರೆ ಪೂರ್ತಿ ಕೇಳದೆ ನ್ಯಾಯ ಅನ್ಯಾಯ ತಿಳಿಯುವುದಾದರೂ ಹೇಗೆ?

ಆದ್ದರಿಂದ ನ್ಯಾಮತಿಯ ನನ್ನ ಪ್ರಿಯ ಶಿಷ್ಯನೇ, ನಿನಗೆ ನನ್ನ ಉತ್ತರವಿಷ್ಟೆ. ಆ ತಂದೆ ದೂರು ಹೇಳಲು ಬಂದದ್ದು ಒಳ್ಳೆಯದಾಯಿತು. ಮಗನ ಓದಿನ ಮೇಲೆ ಆಸೆ ಬಿಟ್ಟವರು ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ನಾಳೆ ನೀನೇ ಅವರನ್ನು ಕರೆಸು. ಕೂರಿಸಿ, ಮಾತಾಡಲು ಬಿಡು. ಹುಡುಗನ ರಾತ್ರಿ ಹೇಗಿರುತ್ತದೆ ಎಂದು ಕೇಳು. ಮನೆಗೆ ಬಂದ ಮೇಲೆ ನಿನ್ನ ಪಾಠ ಹೇಗಿತ್ತು ಎಂದು ನಿನ್ನನ್ನೇ ಕೇಳಿಕೋ. ಹುಡುಗ ಪಾಠ ಕೇಳಬೇಕಾದರೆ ಮೊದಲು ಕೇಳಬೇಕಾದವರು ನಾವು.

ಏನಾಯಿತೆಂದು ನನಗೆ ತಿಳಿಸು. ಕಾಯುತ್ತಿರುತ್ತೇನೆ.