ಜಪಾನಿನ ವಿಶ್ವವಿದ್ಯಾನಿಲಯಗಳೂ ಚೀನದ ಉಚ್ಚ ಶಿಕ್ಷಣವೂ

ಜಪಾನು ಬಹುಕಾಲ ಚೀನದಿಂದ ಲಿಪಿಯನ್ನೂ ಶಾಸ್ತ್ರಗಳನ್ನೂ ಕಲಿತ ದೇಶ. ಆದರೆ ಹೊಸಗಾಲದ ವಿಶ್ವವಿದ್ಯಾನಿಲಯವನ್ನು ಕಟ್ಟುವಾಗ ಚೀನವೇ ಜಪಾನಿನ ಶಿಷ್ಯನಾಗಬೇಕಾಯಿತು. ಒಂದು ದೇಶವು ಮತ್ತೊಂದರಿಂದ ಎರವಲು ತರಬಹುದಾದುದು ಯಾವುದು, ತರಲಾಗದುದು ಯಾವುದು ಎಂಬುದನ್ನು ಈ ಪ್ರಸಂಗದಿಂದ ನಾವು ತಿಳಿಯಬಹುದು.

ಟೋಕಿಯೋ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ೧೮೭೭ರಲ್ಲಿ. ೧೮೮೬ರಲ್ಲಿ ಮೋರಿ ಅರಿನೋರಿ ಎಂಬ ವಿದ್ಯಾಮಂತ್ರಿಯು ಅದನ್ನು ಸಾಮ್ರಾಜ್ಯ ವಿಶ್ವವಿದ್ಯಾನಿಲಯವಾಗಿ ಮಾರ್ಪಡಿಸಿದನು. ರಾಜ್ಯಕ್ಕೆ ಬೇಕಾದ ವಿದ್ಯೆಗಳನ್ನು ಬೋಧಿಸಿ ಸಂಶೋಧಿಸುವುದೇ ಅದರ ಗುರಿಯೆಂದು ಶಾಸನವು ಸಾರಿತು. ಆದರೂ ರಾಜ್ಯಕ್ಕಾಗಿ ಹುಟ್ಟಿದ ಈ ಸಂಸ್ಥೆಗಳಲ್ಲಿ ಕಾಲಕ್ರಮದಿಂದ ಪಂಡಿತರ ಸ್ವಾತಂತ್ರ್ಯವೂ ಬೇರೂರಿತು. ೧೯೧೩ರಲ್ಲಿ ಕ್ಯೋಟೋ ವಿಶ್ವವಿದ್ಯಾನಿಲಯದ ಅಧ್ಯಕ್ಷನಾದ ಸವಾಯನಗಿಯು ಏಳು ಮಂದಿ ಪ್ರಾಧ್ಯಾಪಕರಿಂದ ರಾಜೀನಾಮೆ ಪಡೆದಾಗ, ನ್ಯಾಯಶಾಸ್ತ್ರ ವಿಭಾಗವು ಒಕ್ಕಟ್ಟಾಗಿ ಪ್ರತಿಭಟಿಸಿತು. ನೇಮಕದ ವಿಷಯದಲ್ಲಿ ಅಧ್ಯಾಪಕ ಸಭೆಯನ್ನು ಕೇಳುವುದು ಉಚಿತವೆಂದು ಮರುವರ್ಷ ಮಂತ್ರಿಯೇ ಒಪ್ಪಬೇಕಾಯಿತು. ಆದರೆ ರೂಢಿಯಿಂದ ಗಳಿಸಿದ ಹಕ್ಕಿಗೆ ಶಾಸನದ ಬಲವಿರಲಿಲ್ಲ. ೧೯೩೩ರಲ್ಲಿ ಸರ್ಕಾರವು ಅದೇ ವಿಭಾಗದ ತಕಿಗಾವನನ್ನು ಅವನ ಅಭಿಪ್ರಾಯಗಳಿಗಾಗಿ ಅಮಾನತಿನಲ್ಲಿಟ್ಟಿತು. ವಿಭಾಗವೆಲ್ಲ ರಾಜೀನಾಮೆಯಿತ್ತರೂ ಫಲವಾಗಲಿಲ್ಲ.

ಚೀನದಲ್ಲಿ ಪೆಕಿಂಗಿನ ಸಾಮ್ರಾಜ್ಯ ವಿಶ್ವವಿದ್ಯಾನಿಲಯವು ೧೮೯೮ರಲ್ಲಿ ಹುಟ್ಟಿತು. ೧೯೦೪ರ ಶಿಕ್ಷಣಕ್ರಮವು ಬಹುಮಟ್ಟಿಗೆ ಜಪಾನಿನ ಪಡಿಯಚ್ಚು. ೧೯೦೫ರಲ್ಲಿ ಶತಮಾನಗಳ ರಾಜಸೇವಾ ಪರೀಕ್ಷೆ ರದ್ದಾಯಿತು. ಸಾವಿರಾರು ಚೀನೀ ತರುಣರು ಜಪಾನಿಗೆ ಓದಲು ನಡೆದರು. ಹೀಗೆ ವಿಭಾಗಗಳೂ ತರಗತಿಗಳೂ ನಿಯಮಗಳೂ ಬಂದವು; ಅಧ್ಯಾಪಕರು ಹೋರಾಡಿ ಗಳಿಸುವ ಸ್ವಾತಂತ್ರ್ಯವು ಮಾತ್ರ ಆ ಕಟ್ಟಿನೊಡನೆ ಬರುವಂತಹುದಲ್ಲ. ಅದನ್ನು ನೆಡಲು ಯತ್ನಿಸಿದವನು ಜರ್ಮನಿಯಲ್ಲಿ ಓದಿದ್ದ ತ್ಸಾಯ್ ಯುವಾನ್‌ಪೇ. ೧೯೧೭ರಲ್ಲಿ ಪೆಕಿಂಗ್ ವಿಶ್ವವಿದ್ಯಾನಿಲಯದ ಅಧ್ಯಕ್ಷನಾದ ಆತನು ಪರಸ್ಪರ ವಿರುದ್ಧ ಮತಗಳ ವಿದ್ವಾಂಸರಿಗೂ ಒಂದೇ ಸೂರಿನಡಿ ಸ್ಥಳವಿತ್ತನು. ಶಿಕ್ಷಣವು ಪಕ್ಷಗಳಿಂದಲೂ ಮತಸಂಸ್ಥೆಗಳಿಂದಲೂ ಸ್ವತಂತ್ರವಾಗಿರಬೇಕೆಂದು ೧೯೨೨ರಲ್ಲಿ ಬರೆದನು. ಆದರೆ ೧೯೫೨ರಲ್ಲಿ ಚೀನದ ವಿಶ್ವವಿದ್ಯಾನಿಲಯಗಳು ಸೋವಿಯತ್ ಮಾದರಿಯಂತೆ ಒಡೆದು ಮರುಜೋಡಣೆಗೊಂಡವು.

ಯುದ್ಧಾನಂತರದ ಜಪಾನಿನಲ್ಲಿ ೧೯೪೭ರಿಂದ ಜಾರಿಗೆ ಬಂದ ಸಂವಿಧಾನವು ವಿದ್ಯಾಸ್ವಾತಂತ್ರ್ಯಕ್ಕೆ ಶಾಸನದ ಬಲವನ್ನಿತ್ತಿತು. ೨೦೦೪ರಲ್ಲಿ ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾನಿಲಯಗಳು ಸರ್ಕಾರದ ಇಲಾಖೆಯ ಅಂಗಗಳಾಗಿರದೆ ಪ್ರತ್ಯೇಕ ಸಂಸ್ಥೆಗಳಾದವು. ಅಧ್ಯಾಪಕರು ಸರ್ಕಾರಿ ನೌಕರರಾಗಿ ಉಳಿಯಲಿಲ್ಲ. ಹೊರನೋಟಕ್ಕೆ ಇದು ಬಿಡುಗಡೆಯೇ ಸರಿ. ಆದರೆ ಆರು ವರ್ಷಗಳ ಗುರಿಗಳನ್ನು ಗೊತ್ತುಮಾಡುವ ಅಧಿಕಾರ ಮಂತ್ರಿಯಲ್ಲಿಯೇ ಉಳಿಯಿತು. ಮುಂದಿನ ಹತ್ತು ವರ್ಷಗಳಲ್ಲಿ ಸಾಮಾನ್ಯ ಸಹಾಯಧನವು ವರ್ಷಕ್ಕೆ ಸುಮಾರು ನೂರಕ್ಕೆ ೧ರಂತೆ ಇಳಿಯಿತು. ತರುಣ ವಿದ್ವಾಂಸರಿಗೆ ಖಾಯಂ ಹುದ್ದೆಗಳು ವಿರಳವಾಗಿ, ಅವಧಿಯ ಹುದ್ದೆಗಳು ಹೆಚ್ಚಿದವು. ಬಾಗಿಲ ಬೀಗವನ್ನು ತೆಗೆದವರೇ ಕಣಜವನ್ನೂ ಕಿರಿದುಮಾಡಿದರು.

ಚೀನಕ್ಕೆ ಇದರಿಂದ ಪಾಠವುಂಟು. ಅಲ್ಲಿ ೧೯೯೮ರ ಉಚ್ಚ ಶಿಕ್ಷಣ ಶಾಸನವೂ ವಿಶ್ವವಿದ್ಯಾನಿಲಯಗಳಿಗೆ ಪ್ರತ್ಯೇಕ ಸಂಸ್ಥೆಗಳ ಸ್ಥಾನವನ್ನಿತ್ತಿತು. ಆದರೆ ಸರ್ಕಾರಿ ವಿಶ್ವವಿದ್ಯಾನಿಲಯದ ಅಧ್ಯಕ್ಷನು ಪಕ್ಷಸಮಿತಿಯ ನಾಯಕತ್ವದಲ್ಲಿ ಕೆಲಸಮಾಡಬೇಕೆಂದು ಅದೇ ಶಾಸನವು ವಿಧಿಸಿತು. ಜಪಾನಿನಲ್ಲಿ ಹಣವು ಕಟ್ಟಿದ ಕೈಯನ್ನು ಚೀನದಲ್ಲಿ ಅಧಿಕಾರವು ಕಟ್ಟಿತು. ಸಂಸ್ಥೆಗೆ ಹೊಸ ಹೆಸರೊಂದನ್ನು ಕೊಟ್ಟ ಮಾತ್ರಕ್ಕೆ ಸ್ವಾತಂತ್ರ್ಯ ಬಂದಂತಾಗದು. ಅಧ್ಯಾಪಕನನ್ನು ಆರಿಸುವವರು ಯಾರು, ಅವನ ನಾಳೆಯ ಅನ್ನಕ್ಕೆ ಹೊಣೆ ಯಾರು ಎಂಬ ಎರಡು ಪ್ರಶ್ನೆಗಳಿಗೆ ದೊರೆಯುವ ಉತ್ತರದಿಂದಲೇ ವಿಶ್ವವಿದ್ಯಾನಿಲಯದ ನಿಜಸ್ಥಿತಿಯನ್ನು ನಾವು ಅಳೆಯಬೇಕು.