ಯಂತ್ರ ನಮ್ಮ ಹೆಸರಲ್ಲಿ, ಬೀಗದ ಕೈ ಯಾರ ಹತ್ರ?



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಾಸ್ಟೆಲ್‌ಗಳಲ್ಲಿ ಓದ್ತಿರೋ ನಮ್ಮ ಹುಡುಗ ಹುಡುಗಿಯರಿಗೆ ಇದು ಮುಟ್ಟಬೇಕು ಅಂತ ಬರೀತಿದ್ದೀನಿ.

ಮೊದಲು ಒಂದು ಪ್ರಶ್ನೆ. ನೀವು ದುಡ್ಡು ಕೊಟ್ಟು ತಗೊಂಡ ಮೊಬೈಲು, ಸರ್ಕಾರ ನಿಮಗೆ ಕೊಟ್ಟ ಲ್ಯಾಪ್‌ಟಾಪು, ಅದರ ಮಾಲೀಕರು ಯಾರು? ಬಿಲ್ಲಲ್ಲಿ ನಿಮ್ಮ ಹೆಸರಿದೆ, ನಿಜ. ಆದರೆ ಅದರೊಳಗೆ ಕಂಪನಿಯವರೇ ತುಂಬಿಸಿ ಕಳಿಸಿದ ಆಪ್ ತೆಗೆಯೋಕೆ ಹೋಗಿ, ಬಹಳಷ್ಟು ಬಾರಿ ಆಗಲ್ಲ. ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕೋಕೆ ಹೋಗಿ, ಬೀಗ. "ನಿಮಗೆ ಅನುಮತಿ ಇಲ್ಲ" ಅಂತ ನಿಮ್ಮದೇ ಯಂತ್ರ ನಿಮಗೇ ಹೇಳತ್ತೆ.

ಮಾಲೀಕತ್ವ ಬೇರೆ, ಹಿಡಿತ ಬೇರೆ. ಇದನ್ನ ಇವತ್ತು ಅಮೆರಿಕದ ಪಂಡಿತರು ದೊಡ್ಡ ದೊಡ್ಡ ಲೇಖನ ಬರೆದು ವಿವರಿಸ್ತಾರೆ. ನಮ್ಮ ಜನಕ್ಕೆ ಯಾರೂ ಪಾಠ ಮಾಡಬೇಕಾಗಿಲ್ಲ. ನಮ್ಮ ಚರಿತ್ರೆಯೇ ಅದು.

ಸೂಳೆಕೆರೆ ಗೊತ್ತಲ್ಲ, ಚನ್ನಗಿರಿ ತಾಲೂಕಿನ ಶಾಂತಿಸಾಗರ. ನೂರಾರು ವರ್ಷದ ಕೆರೆ. ಸಿದ್ಧನಾಲೆ, ಬಸವನಾಲೆ ಅಂತ ಎರಡು ನಾಲೆ. ಇಂಥ ದೊಡ್ಡ ಕೆರೆ ಇರಲಿ, ಊರ ಮುಂದಿನ ಸಣ್ಣ ಕೆರೆ ಇರಲಿ, ಹಳೆ ಮೈಸೂರು ಸೀಮೆಯ ಬಹಳ ಊರುಗಳಲ್ಲಿ ತೂಬು ಎತ್ತೋನು, ಇಳಿಸೋನು ನೀರಗಂಟಿ. ಎಷ್ಟೋ ಕಡೆ ಅವನು ನಮ್ಮವನೇ. ರಾತ್ರಿ ಮಳೇಲಿ ಏರಿ ಮೇಲೆ ನಿಂತು ಕೆರೆ ಕಾಯೋನು ಅವನು. ತೂಬಿನ ಒಳಗೆ ಇಳಿಯೋನು ಅವನು. ಆದರೆ ಯಾವ ಗದ್ದೆಗೆ ಎಷ್ಟು ನೀರು, ಯಾವತ್ತು ಬಿಡಬೇಕು ಅನ್ನೋ ಮಾತು ಗೌಡ ಶಾನುಭೋಗರದ್ದು. ಕೈ ನಮ್ಮದು, ಅಪ್ಪಣೆ ಅವರದು.

ಈಗ ಮಹಾಡ್ ನೆನಪು ಮಾಡ್ಕೊಳ್ಳಿ. 1923ರಲ್ಲಿ ಮುಂಬೈ ಶಾಸನಸಭೆ ಬೋಳೆಯವರ ನಿರ್ಣಯ ಒಪ್ಪಿತು: ಸರ್ಕಾರಿ ಹಣದ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ. ಮಹಾಡ್ ಪುರಸಭೆಯೂ ಚೌದಾರ್ ಕೆರೆ ಮುಕ್ತ ಅಂತ ಠರಾವು ಮಾಡ್ತು. ಕಾಗದದ ಮೇಲೆ ಹಕ್ಕು ಬಂದಾಯ್ತು. ಆದರೂ ನಮ್ಮವರು ಒಂದು ಬೊಗಸೆ ನೀರು ಕುಡಿಯೋಕೆ ಆಗಲಿಲ್ಲ. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಬೇಕಾಯ್ತು. ಆಮೇಲೆ ಕೋರ್ಟು ಕಚೇರಿ. ಹೈಕೋರ್ಟ್ ತೀರ್ಪು ನಮ್ಮ ಪರ ಬಂದಿದ್ದು 1937ರಲ್ಲಿ. ಹಕ್ಕು ಇದೆ ಅನ್ನೋದಕ್ಕೂ ಹಕ್ಕು ಚಲಾಯಿಸೋದಕ್ಕೂ ನಡುವೆ ಎಷ್ಟು ದೂರ ಅಂತ ಅಲ್ಲಿ ಗೊತ್ತಾಗತ್ತೆ.

1928ರಲ್ಲಿ ಅವರೇ ಮಹಾರ್ ವತನದ ವಿರುದ್ಧ ಮಸೂದೆ ತಂದರು. ವತನ ಅಂದ್ರೆ ಏನು? ಒಂದು ತುಂಡು ಭೂಮಿ ನಿಮ್ಮ ಹೆಸರಲ್ಲಿ. ಅದಕ್ಕೆ ಬದಲಾಗಿ ಹಗಲು ರಾತ್ರಿ ಅನ್ನದೆ ಊರ ಚಾಕರಿ. ನಮ್ಮ ಕಡೆ ತೋಟಿ, ತಳವಾರ, ನೀರಗಂಟಿ ಇನಾಮು ಅದರ ತಮ್ಮಂದಿರೇ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು, 1963ರ ಫೆಬ್ರವರಿಯಿಂದ ಜಾರಿಯಾಗಿ, ಕಾನೂನಿನ ಪ್ರಕಾರ ಆ ಕಟ್ಟು ಬಿಚ್ಚಿತು. ಕಂಪ್ಯೂಟರಿನ ಕಥೆ ಕೇಳೋವಾಗ ಈ ಹಿನ್ನೆಲೆ ತಲೇಲಿರಲಿ.

ಕಂಪ್ಯೂಟರುಗಳು ಮೊದಲು ಯಾರ ಮನೆಯವೂ ಆಗಿರಲಿಲ್ಲ. ದೊಡ್ಡ ಕಂಪನಿ, ಸೈನ್ಯ, ವಿಶ್ವವಿದ್ಯಾಲಯ, ಅಷ್ಟೆ. ನೀವು ನಿಮ್ಮ ಕೆಲಸದ ಕಾರ್ಡುಗಳನ್ನ ಕಿಟಕಿಯಲ್ಲಿ ಕೊಟ್ಟು ಕಾಯಬೇಕು, ಒಳಗಿನ ಆಪರೇಟರ್ ಓಡಿಸಿ ಕೊಡ್ತಾನೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟಿತು. ಅದರಲ್ಲಿ ಎಲ್ಲ ಅಧಿಕಾರ ಇರೋ ಖಾತೆಯ ಹೆಸರು 'ರೂಟ್'. ಅಂದ್ರೆ ಬೇರು. ಆ ಬೇರು ಯಾರ ಕೈಲಿದೆಯೋ ಯಂತ್ರ ಅವರದು.

1975ರಲ್ಲಿ ಆಲ್ಟೇರ್, 1977ರಲ್ಲಿ ಆಪಲ್ 2, 1981ರಲ್ಲಿ ಐಬಿಎಂ ಪಿಸಿ ಬಂದವು. ಮೊದಲ ಸಲ ಸಾಮಾನ್ಯ ಮನುಷ್ಯನ ಮೇಜಿನ ಮೇಲೆ ಒಂದು ಪೂರ್ತಿ ಕಂಪ್ಯೂಟರು. ಹಳೆ ಡಾಸ್ ಕಾಲದಲ್ಲಿ 'ಅಡ್ಮಿನ್' ಅನ್ನೋ ಮಾತೇ ಇರಲಿಲ್ಲ. ಯಾರು ಕೂತರೋ ಅವರೇ ಯಜಮಾನರು. ಬಿಚ್ಚಬಹುದಿತ್ತು, ಜೋಡಿಸಬಹುದಿತ್ತು, ಹಾಳೂ ಮಾಡಬಹುದಿತ್ತು. ಒಟ್ಟು ನಮ್ಮದು.

ಅದೇ ಹೊತ್ತಿಗೆ ಇನ್ನೊಂದು ಕಡೆ ತಂತ್ರಾಂಶವನ್ನ ಮುಚ್ಚಿಡೋ ಪದ್ಧತಿ ಬೆಳೀತಿತ್ತು. ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಅವರಿಗೆ ತಮ್ಮ ಲ್ಯಾಬಿನ ಜೆರಾಕ್ಸ್ ಪ್ರಿಂಟರ್ ಸರಿಮಾಡೋಕೆ ಅದರ ಮೂಲ ಕೋಡ್ ಬೇಕಾಗಿತ್ತು, ಸಿಗಲಿಲ್ಲ. 1983ರಲ್ಲಿ ಅವರು ಗ್ನು ಯೋಜನೆ ಘೋಷಿಸಿದರು. 1991ರಲ್ಲಿ ಲಿನಕ್ಸ್ ಬಂತು. ಓಡಿಸು, ಓದು, ಬದಲಾಯಿಸು, ಹಂಚು: ಈ ನಾಲ್ಕು ಹಕ್ಕು ಬಳಸೋರಿಗೇ ಇರಬೇಕು ಅನ್ನೋದು ಆ ಚಳವಳಿಯ ತಿರುಳು. ಆದರೆ ಟಿವೋ ಅನ್ನೋ ಅಮೆರಿಕದ ಟಿವಿ ಯಂತ್ರ ಒಂದು ಉಪಾಯ ಮಾಡ್ತು. ಒಳಗೆ ಲಿನಕ್ಸೇ ಇದೆ, ಕೋಡ್ ಕೂಡ ಕೊಡ್ತಾರೆ. ನೀವು ಬದಲಾಯಿಸಿ ವಾಪಸ್ ಹಾಕಿದರೆ ಮಾತ್ರ ಯಂತ್ರ ಅದನ್ನ ಒಪ್ಪಲ್ಲ. ಚೌದಾರ್ ಕೆರೆಯ ಠರಾವಿನ ಹಾಗೆ, ಹಕ್ಕುಪತ್ರ ಇದೆ, ನೀರಿಲ್ಲ. ಅದನ್ನ ತಡೆಯೋಕೆ 2007ರಲ್ಲಿ ಜಿಪಿಎಲ್ ಪರವಾನಗಿಯ ಮೂರನೇ ಆವೃತ್ತಿ ಬರೀಬೇಕಾಯ್ತು.

ಅದೇ 2007ರಲ್ಲಿ ಐಫೋನ್ ಬಂತು. ಮಾರನೇ ವರ್ಷ ಆಪ್ ಸ್ಟೋರ್. ಅಲ್ಲಿಂದ ಲೆಕ್ಕ ಪೂರ್ತಿ ತಿರುಗಿತು. ರೂಟ್ ಕಂಪನಿಯ ಕೈಲಿ, ನಾವು ಬರೀ ಬಳಸೋರು. 2009ರಲ್ಲಿ ಅಮೆಜಾನ್ ಏನು ಮಾಡ್ತು ಗೊತ್ತಾ? ಜನ ದುಡ್ಡು ಕೊಟ್ಟು ಕಿಂಡಲ್‌ನಲ್ಲಿ ಇಟ್ಟುಕೊಂಡಿದ್ದ ಆರ್ವೆಲ್‌ನ '1984' ಪುಸ್ತಕವನ್ನ ದೂರದಿಂದಲೇ ಅಳಿಸಿಹಾಕ್ತು. ಮಾರಿದವರಿಗೆ ಹಕ್ಕೇ ಇರಲಿಲ್ಲ ಅನ್ನೋದು ಕಾರಣ, ದುಡ್ಡೂ ವಾಪಸ್ ಕೊಟ್ಟರು. ಆದರೆ ಮಾರಿದ ಮೇಲೂ ನಿಮ್ಮ ಮನೆ ಕಪಾಟಿಗೆ ಅಂಗಡಿಯವನು ಕೈ ಹಾಕಬಹುದು ಅಂತ ಲೋಕಕ್ಕೆ ಗೊತ್ತಾಯ್ತು. 2012ರಲ್ಲಿ ವಿಂಡೋಸ್ 8 ಜೊತೆ 'ಸೆಕ್ಯೂರ್ ಬೂಟ್' ಬಂತು. ಯಂತ್ರ ಆನ್ ಆಗುವಾಗಲೇ ಸಹಿ ಪರಿಶೀಲನೆ. ಸಾಮಾನ್ಯ ಪಿಸಿಗಳಲ್ಲಿ ಅದನ್ನ ಆಫ್ ಮಾಡೋ ಅವಕಾಶ ಕೊಡಲೇಬೇಕು ಅಂತ ಆಗ ನಿಯಮ ಇತ್ತು. 2015ರ ವಿಂಡೋಸ್ 10 ಹೊತ್ತಿಗೆ ಅದು ತಯಾರಕರ ಇಷ್ಟಕ್ಕೆ ಬಿಟ್ಟಿದ್ದು ಅಂತಾಯ್ತು.

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಕೇಳಿ.

ಮೊದಲನೇದು ನಮ್ಮ ಭಾಷೆ. ಶುರುವಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಕಾಣ್ತಿರಲಿಲ್ಲ. ಬರೀ ಡಬ್ಬಿ ಡಬ್ಬಿ. ಫಾಂಟ್ ಇತ್ತು, ಪುಕ್ಕಟೆ ಸಿಗ್ತಿತ್ತು. ಆದರೆ ಅದನ್ನ ಹಾಕೋ ಫೋಲ್ಡರಿಗೆ ಬೀಗ. ಫೋನ್ ರೂಟ್ ಮಾಡಿದ್ರೆ ಮಾತ್ರ ಕನ್ನಡ, ರೂಟ್ ಮಾಡಿದ್ರೆ ವಾರಂಟಿ ಹೋಗೋ ಭಯ. ಕೆಲವರು ಒಪೆರಾ ಮಿನಿಯಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿ ಅಕ್ಷರಗಳನ್ನ ಚಿತ್ರದ ಹಾಗೆ ತರಿಸಿ ಓದ್ತಿದ್ರು. 2012ರಲ್ಲಿ ಆಂಡ್ರಾಯ್ಡ್ 4.1ಕ್ಕೆ ಕನ್ನಡ ಬಂತು. ಅಲ್ಲೀತನಕ ನಮ್ಮ ಫೋನಲ್ಲಿ ನಮ್ಮ ಭಾಷೆ ಓದೋಕೆ ಕ್ಯಾಲಿಫೋರ್ನಿಯಾದ ಅಪ್ಪಣೆಗೆ ಕಾದ್ವಿ.

ಎರಡನೇದು ಸರ್ಕಾರ ಕೊಡೋ ಯಂತ್ರ. 2013ರ ಉತ್ತರ ಪ್ರದೇಶ ನೆನಪಿದೆಯಾ? ಅಲ್ಲಿ ಹಂಚಿದ ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಮುಲಾಯಂ, ಅಖಿಲೇಶ್ ಅವರ ಚಿತ್ರ. ಅದನ್ನ ತೆಗೆಯೋಕೆ ಹೋದರೆ ಯಂತ್ರವೇ ಕೆಡ್ತಿದೆ ಅಂತ ವಿದ್ಯಾರ್ಥಿಗಳು ದೂರಿದ್ದು ಪತ್ರಿಕೆಗಳಲ್ಲಿ ಬಂತು. ಕೊಟ್ಟಿದ್ದು ಯಂತ್ರನೋ, ಯಜಮಾನರ ಪಟ ಹೊರೋ ಚಾಕರಿನೋ? ನಮ್ಮ ರಾಜ್ಯದಲ್ಲೂ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ, ಆಮೇಲೆ ಸರ್ಕಾರಿ ಪದವಿ ಕಾಲೇಜಿನ ಎಲ್ಲರಿಗೂ ಲ್ಯಾಪ್‌ಟಾಪ್ ಕೊಟ್ಟರು. ಒಳ್ಳೇದು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಬೇಕು ಅಂದ್ರೆ ಟಿಪಿಎಂ 2.0 ಚಿಪ್ ಬೇಕು, ಸುಮಾರು 2018ಕ್ಕಿಂತ ಹಳೇ ಪ್ರೊಸೆಸರ್ ಇದ್ರೆ ಬಹುತೇಕ ನಡೆಯಲ್ಲ. ಚೆನ್ನಾಗಿ ಓಡ್ತಿರೋ ಯಂತ್ರ ಕಂಪನಿಯ ಒಂದು ತೀರ್ಮಾನಕ್ಕೆ ಗುಜರಿ ಲೆಕ್ಕಕ್ಕೆ ಹೋಗತ್ತೆ. ಹೊಸದು ಕೊಳ್ಳೋ ಶಕ್ತಿ ಇರೋರಿಗೆ ಇದು ಸಣ್ಣ ಕಿರಿಕಿರಿ. ಮನೆಗೆ ಒಂದೇ ಲ್ಯಾಪ್‌ಟಾಪ್ ಇರೋರಿಗೆ?

ಮೂರನೇದು ಜಿಯೋಫೋನ್, 2017. 1500 ರೂಪಾಯಿ ಡಿಪಾಸಿಟ್ಟು. ಜಿಯೋ ಸಿಮ್ ಬಿಟ್ಟು ಬೇರೆ ನಡೆಯಲ್ಲ. ನಮಗೆ ಬೇಕಾದ ಆಪ್ ನಾವೇ ಹಾಕಿಕೊಳ್ಳೋ ಹಂಗಿಲ್ಲ. ವಾಟ್ಸಾಪ್ ಬೇಕು ಅಂದ್ರೆ 2018ರ ಸೆಪ್ಟೆಂಬರ್ ತನಕ ಕಾಯಬೇಕಾಯ್ತು. ಬಡವರಿಗೆ ಇಂಟರ್ನೆಟ್ ಬಂತು, ಅದು ನಿಜ. ಬಡವರ ಇಂಟರ್ನೆಟ್ಟಿಗೆ ಬೇಲಿ ಹಾಕಿಯೇ ಬಂತು, ಅದೂ ನಿಜ.

ನಾಲ್ಕನೇದು ಎಲ್ಲಕ್ಕಿಂತ ಹತ್ತಿರದ್ದು. ಇಎಂಐ ಫೋನು. ಕಂತು ತಪ್ಪಿದ್ರೆ ಸಾಲ ಕೊಟ್ಟವರು ದೂರದಿಂದಲೇ ಫೋನ್ ಲಾಕ್ ಮಾಡೋ ವ್ಯವಸ್ಥೆ ಇದೆ. ಸ್ಯಾಮ್ಸಂಗ್‌ನ ನಾಕ್ಸ್ ಗಾರ್ಡ್, ಗೂಗಲ್‌ನ ಡಿವೈಸ್ ಲಾಕ್ ಕಂಟ್ರೋಲರ್ ಇರೋದೇ ಅದಕ್ಕೆ. ಅಂದ್ರೆ ಬೀಗ ಮಾಡಿದ್ದು ತಯಾರಕರು, ಬೀಗದ ಕೈ ಸಾಲಗಾರ ಕಂಪನಿಗೆ. 2025ರ ಸೆಪ್ಟೆಂಬರ್‌ನಲ್ಲಿ, ಗ್ರಾಹಕರ ಒಪ್ಪಿಗೆಯ ಷರತ್ತಿನ ಮೇಲೆ ಇದಕ್ಕೆ ಅವಕಾಶ ಕೊಡೋ ಯೋಚನೆ ಆರ್‌ಬಿಐ ಮುಂದಿದೆ ಅಂತ ಸುದ್ದಿ ಬಂತು. ಒಪ್ಪಿಗೆ! ಅಂಗಡಿ ಕೌಂಟರಲ್ಲಿ ಹತ್ತು ಪುಟದ ಇಂಗ್ಲಿಷ್ ಕಾಗದಕ್ಕೆ ಹಾಕೋ ಸಹಿ ಎಂಥ ಒಪ್ಪಿಗೆ ಅಂತ ನಮಗೆ ಗೊತ್ತಿಲ್ವಾ? ಜಗಳೂರಿನ ಬರದ ಹಳ್ಳಿಯಿಂದ ಬೆಂಗಳೂರಿಗೆ ಹೋದ ಕೂಲಿ ಹುಡುಗನಿಗೆ, ನ್ಯಾಮತಿ, ಹೊನ್ನಾಳಿ ಕಡೆಯ ತಾಂಡಾಗಳಿಂದ ಕಾಫಿ ಸೀಮೆಗೆ, ಕಬ್ಬು ಕಡಿಯೋಕೆ ಗುಳೆ ಹೋಗೋ ಕುಟುಂಬಕ್ಕೆ ಫೋನ್ ಅಂದ್ರೆ ಬ್ಯಾಂಕು, ಮೇಸ್ತ್ರಿಯ ಕರೆ, ಮಗಳ ಸ್ಕಾಲರ್‌ಶಿಪ್ಪಿನ ಒಟಿಪಿ. ಅದಕ್ಕೆ ಬೀಗ ಬಿದ್ರೆ ದುಡಿದು ಕಂತು ಕಟ್ಟೋ ದಾರಿಗೇ ಬೀಗ. ಜೀತ ನಿಷೇಧ ಆಗಿದ್ದು 1976ರಲ್ಲಿ. ಇದು ಜೀತ ಅಂತ ನಾನು ಹೇಳ್ತಿಲ್ಲ. ಆದರೆ ಸಾಲಕ್ಕೆ ಮನುಷ್ಯನ ಬದುಕನ್ನೇ ಅಡ ಇಟ್ಟುಕೊಳ್ಳೋ ಆಲೋಚನೆ ಹಳೇದೇ.

ಈಗ ಎದುರು ಮಾತು. "ಬೀಗ ನಿಮ್ಮ ರಕ್ಷಣೆಗೇ" ಅಂತಾರೆ ಕಂಪನಿಯವರು. ಇದು ಪೂರ್ತಿ ಸುಳ್ಳಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಲ್ಲರೂ ಅಡ್ಮಿನ್ ಆಗಿ ಕೂರ್ತಿದ್ರು, 2003ರಲ್ಲಿ ಬ್ಲಾಸ್ಟರ್ ಥರದ ವೈರಸ್ಸು ಲಕ್ಷಾಂತರ ಯಂತ್ರ ಹಾಳು ಮಾಡಿದವು. ಇವತ್ತು ವಾಟ್ಸಾಪಲ್ಲಿ ಬರೋ ಕಳ್ಳ ಆಪ್ ಹಾಕಿಕೊಂಡು ಜನ ಖಾತೆ ಖಾಲಿ ಮಾಡ್ಕೊಳ್ತಿದ್ದಾರೆ. ಬೀಗ ಬೇಕು.

ನಮಗೂ ಒಂದು ಬೀಗ ಇದೆ. ಪಿಟಿಸಿಎಲ್ ಕಾಯ್ದೆ, 1978. ನಮಗೆ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಂಗಿಲ್ಲ. ಅದೂ ಮಾಲೀಕನ ಕೈ ಕಟ್ಟೋ ಕಾನೂನೇ. ಆದರೂ ಆ ಬೀಗ ಉಳಿಸಿಕೊಳ್ಳೋಕೆ ನಾವೇ ಹೋರಾಡಿದ್ವಿ. 2017ರಲ್ಲಿ ಸುಪ್ರೀಂ ಕೋರ್ಟು ಕಾಲಮಿತಿಯ ಮಾತು ಎತ್ತಿದ ಮೇಲೆ, 2023ರ ತಿದ್ದುಪಡಿ ಬರೋ ತನಕ ಬಿಡಲಿಲ್ಲ.

ಹಂಗಾರೆ ವ್ಯತ್ಯಾಸ ಏನು? ಪಿಟಿಸಿಎಲ್ ಬೀಗ ಹಾಕಿದ್ದು ನಾವು ಓಟು ಹಾಕಿದ ಶಾಸನಸಭೆ. ತಕರಾರಿದ್ರೆ ಎಸಿ ಕೋರ್ಟಿದೆ, ಡಿಸಿ ಇದ್ದಾರೆ, ಹೈಕೋರ್ಟಿದೆ. ಬೀಗ ಒಡೆದು ಜಮೀನು ಹೊಡ್ಕೊಂಡೋನ ವಿರುದ್ಧ ಅದು ಕೆಲಸ ಮಾಡತ್ತೆ, ಜಮೀನು ವಾಪಸ್ ಬರೋದು ನಮಗೇ. ಕಂಪನಿಯ ಬೀಗಕ್ಕೆ ಯಾವ ಎಸಿ ಕೋರ್ಟು? ಅದರ ಕೈ ನಮಗೆ ಯಾವತ್ತೂ ಸಿಗಲ್ಲ. ಆದ್ದರಿಂದ ಬೀಗ ಇರಬೇಕಾ ಬೇಡವಾ ಅಂತ ಕೇಳಿದ್ರೆ ಸಾಲದು. ಯಾರು ಹಾಕಿದ್ರು, ಯಾರಿಂದ ಕಾಯತ್ತೆ, ಕೈ ಯಾರ ಹತ್ರ ಇದೆ, ಈ ಮೂರೂ ಕೇಳಬೇಕು.

ದಾರಿ ಇಲ್ಲ ಅಂತಲ್ಲ. ಬೆಂಗಳೂರಿನ ಗುರಪ್ಪನಪಾಳ್ಯದ ಹತ್ತಿರದ ಸ್ಲಂನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ನಡೆಸಿದ್ರು. ಅಲ್ಲಿನ ಮಕ್ಕಳು ಕಲಿತಿದ್ದು ಲಿನಕ್ಸ್ ಮೇಲೆ. ಗಿಂಪ್ ಅನ್ನೋ ಸ್ವತಂತ್ರ ತಂತ್ರಾಂಶದಲ್ಲಿ ಚಿತ್ರ ಬಿಡಿಸಿದ್ರು. ಬಾಬಾಸಾಹೇಬರ ಹೆಸರಲ್ಲಿ ಒಂದು ಕಂಪ್ಯೂಟರ್ ಕೇಂದ್ರ, ರೂಟ್ ಬಳಸೋರ ಕೈಲೇ. ಅದು ಬೆಂಗಳೂರಲ್ಲಿ ಆಗತ್ತೆ ಅಂದ್ರೆ ಚನ್ನಗಿರಿಯಲ್ಲಿ ಯಾಕೆ ಆಗಲ್ಲ?

ಕಾನೂನೂ ಪೂರ್ತಿ ನಮ್ಮ ವಿರುದ್ಧ ಇಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಸೇರಿಸಿದಾಗ, ಹಕ್ಕುಗಳನ್ನ ಕದಿಯೋ ಉದ್ದೇಶಕ್ಕೆ ಡಿಜಿಟಲ್ ಬೀಗ ಮುರಿದ್ರೆ 2 ವರ್ಷದ ತನಕ ಜೈಲು ಅಂತ ಬರೆದ್ರು. ಆದರೆ ಕಾಯ್ದೆ ನಿಷೇಧಿಸದ ಕೆಲಸಕ್ಕೆ ಅದು ಅಡ್ಡ ಬರಲ್ಲ ಅಂತಲೂ ಬರೆದ್ರು. ಅಮೆರಿಕದ 1998ರ ಕಾನೂನಿಗಿಂತ ನಮ್ಮದು ಈ ವಿಷಯದಲ್ಲಿ ಸಡಿಲ.

ಈಗ ಮಾಡಬೇಕಾದ ಕೆಲಸ:

1. ಹಾಸ್ಟೆಲ್ಲಲ್ಲಿ, ಮನೇಲಿ ಹಳೇ ವಿಂಡೋಸ್ 10 ಯಂತ್ರ ಇದ್ರೆ ಎಸೀಬೇಡಿ. ಲಿನಕ್ಸ್ ಹಾಕಿ. ಕನ್ನಡವೂ ಬರತ್ತೆ, ದುಡ್ಡೂ ಬೇಡ. ಮೊದಲು ನಿಮ್ಮ ಫೈಲುಗಳನ್ನ ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ.

2. ಸರ್ಕಾರ ಇನ್ನು ಮುಂದೆ ಲ್ಯಾಪ್‌ಟಾಪ್, ಟ್ಯಾಬ್ ಕೊಟ್ಟರೆ ಅಡ್ಮಿನ್ ಪಾಸ್‌ವರ್ಡೂ ಕೊಡಬೇಕು ಅಂತ ಸಮಾಜ ಕಲ್ಯಾಣ ಇಲಾಖೆಗೆ ಮನವಿ ಕೊಡೋಣ. ಟೆಂಡರಿನಲ್ಲೇ ಆ ಷರತ್ತು ಇರಲಿ. ಎಸ್‌ಸಿಎಸ್‌ಪಿ, ಟಿಎಸ್‌ಪಿ ದುಡ್ಡು ನಮ್ಮ ದುಡ್ಡು.

3. ಇಎಂಐ ಮೇಲೆ ಫೋನ್ ತಗೊಳ್ಳೋವಾಗ "ಇದರಲ್ಲಿ ಲಾಕ್ ಇದೆಯಾ? ಕಂತು ಮುಗಿದ ಮೇಲೆ ಯಾರು ತೆಗೀತಾರೆ?" ಅಂತ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ನಾಚಿಕೆ ಬೇಡ.

4. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಒಂದೊಂದು ತಾಲೂಕಿನಲ್ಲಿ ಇಬ್ಬರಾದ್ರೂ ಈ ಕೆಲಸ ಕಲಿತು ಉಳಿದವರಿಗೆ ಕಲಿಸೋಣ. ಆಸಕ್ತಿ ಇರೋರು ಕಾಮೆಂಟಲ್ಲಿ ತಾಲೂಕಿನ ಹೆಸರು ಹಾಕಿ.

ತೂಬಿನ ಮೇಲೆ ನಮ್ಮ ಕೈ ಎಷ್ಟೋ ತಲೆಮಾರಿಂದ ಇತ್ತು. ನೀರು ಯಾರಿಗೆ ಅನ್ನೋ ಮಾತು ಹೇಳೋ ಹಕ್ಕು ಬರಲಿಲ್ಲ. ಈ ಸಲ ಯಂತ್ರ ಕೈಗೆ ಬಂದಿದೆ. ಬೀಗದ ಕೈಯನ್ನೂ ಕೇಳಿ ಪಡೀಬೇಕು.

ಓದಿ, ಹಂಚಿ, ತಕರಾರಿದ್ರೆ ಬರೀರಿ.

ಜೈ ಭೀಮ್.