ಮಾತಿನ ತಿದ್ದುಪಡಿಯಲ್ಲಿ ಆಟದ ಸ್ಥಾನ

ಶಾಲಾಮಕ್ಕಳ ಉಚ್ಚಾರಣದೋಷಗಳನ್ನು ಆಟದ ಮೂಲಕ ತಿದ್ದುವ ಕ್ರಮವನ್ನು ಕೇವಲ ವಿನೋದವೆಂದು ಎಣಿಸುವವರುಂಟು. ಅದರ ಇತಿಹಾಸವನ್ನು ನಾವು ಪರಿಶೀಲಿಸಿದಲ್ಲಿ ಈ ಎಣಿಕೆ ನಿಲ್ಲಲಾರದು.

1910ರಲ್ಲಿ ಅಮೆರಿಕದ ಷಿಕಾಗೋ ನಗರದ ಸಾರ್ವಜನಿಕ ಶಾಲೆಗಳು ಮಾತನ್ನು ತಿದ್ದುವುದಕ್ಕೆಂದೇ ಶಿಕ್ಷಕರನ್ನು ನಿಯಮಿಸಿಕೊಂಡವು. ಸ್ವತಃ ಉಗ್ಗುತ್ತಿದ್ದ ಚಾರ್ಲ್ಸ್ ವಾನ್ ರೈಪರ್ ಅವರ ‘ಸ್ಪೀಚ್ ಕರೆಕ್ಷನ್’ ಎಂಬ ಗ್ರಂಥ 1939ರಲ್ಲಿ ಪ್ರಕಟವಾಯಿತು. ಮೊದಲು ಕಿವಿಗೆ ಶಿಕ್ಷಣ, ಅನಂತರ ನಾಲಗೆಗೆ ಎಂಬುದು ಅವರ ಕ್ರಮ. ‘ಸ’ಕಾರವು ಬುಸುಗುಡುವ ಹಾವಾಗುತ್ತದೆ, ಅದು ಕೇಳಿಸಿದೊಡನೆ ಮಗು ಕೈಯೆತ್ತುತ್ತದೆ. ಕಿವಿಯು ತಪ್ಪು ಒಪ್ಪುಗಳನ್ನು ಬೇರ್ಪಡಿಸಬಲ್ಲುದಾದ ಬಳಿಕವೇ ಆ ಧ್ವನಿಯನ್ನು ಬಿಡಿಯಾಗಿಯೂ ಪದದಲ್ಲಿಯೂ ವಾಕ್ಯದಲ್ಲಿಯೂ ನುಡಿಸುವುದು. ಇಷ್ಟೊಂದು ಆವೃತ್ತಿಯನ್ನು ಬೇಸರವಿಲ್ಲದೆ ಮಾಡಿಸಬಲ್ಲುದು ಆಟವೇ.

ಅದೇ 1939ರಲ್ಲಿ ಅಯೋವಾ ಪ್ರಾಂತದ ಅನಾಥಾಲಯವೊಂದರಲ್ಲಿ, ಸರಾಗವಾಗಿ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೆ ಅವರಲ್ಲಿ ಉಗ್ಗು ಮೊದಲಾಗಿದೆಯೆಂದು ಪ್ರಯೋಗಾರ್ಥವಾಗಿ ಹೇಳಲಾಯಿತು. ಅವರು ಬಾಯಿ ತೆರೆಯಲು ಹಿಂಜರಿಯತೊಡಗಿದರು. ಇದಕ್ಕಾಗಿ ಅಯೋವಾ ವಿಶ್ವವಿದ್ಯಾನಿಲಯವು 2001ರಲ್ಲಿ ಕ್ಷಮೆ ಯಾಚಿಸಿತು.

ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾದ ಮೇಲೆ ಈ ಶಾಸ್ತ್ರ ನಮ್ಮಲ್ಲಿಯೂ ಬೇರೂರಿದೆ. ತರಗತಿಯಲ್ಲಿ ‘ಸರಿಯಾಗಿ ಹೇಳು’ ಎಂದು ಗದರಿಸುವ ಉಪಾಧ್ಯಾಯರು ಮೇಲಿನ ಎರಡು ಪ್ರಸಂಗಗಳನ್ನು ಜತೆಗಿಟ್ಟು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ತಿದ್ದುವುದಕ್ಕೆ ಮೊದಲು ಅಂಜಿಕೆಯನ್ನು ಕಳೆಯಬೇಕು; ಆಟದ ಪ್ರಯೋಜನವಿರುವುದು ಅಲ್ಲಿಯೇ.